ಚಳಿಗಲ್ಲ, ಬೆಳಗಿನ ತಲೆನೋವಿಗೆ ಹೆದರಿ

ಲಂಡನ್ನಿಗೆ ಹೊರಟಿರುವ ನೀವು ಕೇಳಿದ್ದು ಎರಡು: ನೋಮಿಡ್ (ಹುಟ್ಟಿನಿಂದಲೇ ಮೈಯಲ್ಲಿ ಉರಿಯೂತ ಎಬ್ಬಿಸುವ ಅಪರೂಪದ ಜೀನ್ ಕಾಯಿಲೆ) ಇರುವ ಮೂರು ವರ್ಷದ ಮಗನಿಗೆ ಇಲ್ಲಿಯ ಚಳಿ ಆದೀತೇ, ಸೋದರಮಾವನನ್ನೇ ಮದುವೆಯಾದದ್ದರಿಂದ ಹೀಗಾಯಿತೇ. ನನ್ನ ಮಗಳಿಗೂ ಇದೇ ಕಾಯಿಲೆ. ನಾವು ಇಲ್ಲಿಗೆ ಬಂದು 11 ವರ್ಷವಾಯಿತು.

ಎರಡನೆಯದನ್ನೇ ಮೊದಲು ಹೇಳುತ್ತೇನೆ. ಆ ಪ್ರಶ್ನೆ ತಾಯಿಯ ನಿದ್ದೆಯನ್ನು ಹೇಗೆ ಕೆಡಿಸುತ್ತದೆಂದು ಬಲ್ಲೆ. ನಿಮ್ಮ ಮದುವೆ ಇದಕ್ಕೆ ಕಾರಣವಲ್ಲ. ರಕ್ತಸಂಬಂಧದಲ್ಲಿ ಹೆಚ್ಚುವುದು ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರಷ್ಟೇ ಕಾಣಿಸುವ ಕಾಯಿಲೆಗಳು. ಇಲ್ಲಿ ಎನ್‌ಎಲ್‌ಆರ್‌ಪಿ3 ಜೀನಿನ ಒಂದು ಪ್ರತಿ ಕೆಟ್ಟರೂ ಸಾಕು. ನೋಮಿಡ್ ಇರುವ ಬಹುಪಾಲು ಮಕ್ಕಳಲ್ಲಿ ಆ ಬದಲಾವಣೆ ಹೊಸದಾಗಿಯೇ ಹುಟ್ಟಿದ್ದು, ತಂದೆತಾಯಿಯಲ್ಲಿ ಇರುವುದೇ ಇಲ್ಲ. ಕೆಲವು ಮಕ್ಕಳಲ್ಲಿ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ ಇದ್ದು, ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. "ಯಾರ ಕಡೆಯಿಂದ ಬಂತು" ಎನ್ನುವ ನೆಂಟರಿಗೆ ಇದನ್ನೇ ಹೇಳಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮಾತ್ರ ಮೊದಲು ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಿಕೊಳ್ಳಿ.

ಇದೇ ಜೀನಿನ ಸೌಮ್ಯ ರೂಪವೊಂದರಲ್ಲಿ ತಣ್ಣನೆಯ ಗಾಳಿ ಸೋಕಿದರೆ ದದ್ದು, ಜ್ವರ ಬರುತ್ತವೆ. ನೋಮಿಡ್ ಚಳಿಗಾಗಿ ಕಾಯುವುದಿಲ್ಲ. ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನ್ ಅತಿಯಾಗಿ, ಸೋಂಕೇ ಇಲ್ಲದೆ ಮಿದುಳಿನ ಪೊರೆ ಉರಿಯುತ್ತದೆ. ಎದ್ದ ಕೂಡಲೇ ತಲೆನೋವು, ವಾಂತಿ. ತಲೆಬುರುಡೆಯೊಳಗಿನ ಒತ್ತಡ ಏರಿ ಕಣ್ಣಿನ ನರ ಊದಿಕೊಳ್ಳುತ್ತದೆ, ಒಳಗಿವಿ ಸದ್ದಿಲ್ಲದೆ ಹಾಳಾಗುತ್ತದೆ.

ಇಲ್ಲಿಗೆ ಬಂದ ವರ್ಷ ನನ್ನ ಮಗಳಿಗೆ ನಾಲ್ಕು. ನೆಲದ ಮೇಲೆ ಕೂತು ಬಣ್ಣ ತುಂಬುತ್ತಿದ್ದವಳನ್ನು ಹಿಂದಿನಿಂದ ಮೂರು ಸಲ ಕರೆದೆ, ತಿರುಗಲಿಲ್ಲ. ಹಟವೆಂದು ಗದರಿದೆ. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದಳು. ಪರೀಕ್ಷೆ ಮಾಡಿಸಿದರೆ ತೀಕ್ಷ್ಣ ಸ್ವರಗಳು ಕೇಳಿಸುತ್ತಿರಲಿಲ್ಲ. ಹೋದ ಶ್ರವಣ ಮರಳಲಿಲ್ಲ. ಔಷಧದ ಪ್ರಮಾಣ ಹೆಚ್ಚಿಸಿದ ಮೇಲೆ ಅಲ್ಲಿಗೇ ನಿಂತಿದೆ. ಆದ್ದರಿಂದ ಜ್ವರ ಇಲ್ಲವೆಂದು ಸಮಾಧಾನಪಡಬೇಡಿ. ಕಿವಿ, ಕಣ್ಣುಗಳ ಪರೀಕ್ಷೆಯನ್ನು ಮುಂದೂಡಲೇಬೇಡಿ.

ವೀಸಾದೊಂದಿಗೆ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಆಸ್ಪತ್ರೆಯ ಖರ್ಚಿನ ಚಿಂತೆ ಬೇಡ. ಆದರೆ ನೇರವಾಗಿ ತಜ್ಞರ ಬಳಿ ಹೋಗುವಂತಿಲ್ಲ. ಮೊದಲ ವಾರವೇ ಬಡಾವಣೆಯ ಜಿಪಿ, ಅಂದರೆ ಸಾಮಾನ್ಯ ವೈದ್ಯರ ಬಳಿ ಹೆಸರು ನೋಂದಾಯಿಸಿ, ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಪತ್ರ ಬರೆಯುವಂತೆ ಕೇಳಿ. ರಾಯಲ್ ಫ್ರೀ ಆಸ್ಪತ್ರೆಯ ರಾಷ್ಟ್ರೀಯ ಅಮಿಲಾಯ್ಡೋಸಿಸ್ ಕೇಂದ್ರವೂ ಈ ಕಾಯಿಲೆಗಳಲ್ಲಿ ಪಳಗಿದ್ದು. ಜೀನ್ ವರದಿ, ಬೆನ್ನುಹುರಿ ದ್ರವದ ವರದಿ, ಎಂಆರ್‌ಐ ಸಿಡಿ ಎಲ್ಲವನ್ನೂ ತನ್ನಿ. ಮೊದಲ ಭೇಟಿಗೆ ವಾರಗಳೇ ಹಿಡಿಯಬಹುದು. ಇಂಟರ್‌ಲ್ಯೂಕಿನ್-1 ಅನ್ನು ತಡೆಯುವ ಚುಚ್ಚುಮದ್ದು ಅನಾಕಿನ್ರಾ ಒಂದು ದಿನವೂ ತಪ್ಪದಷ್ಟು ಕೈಯಲ್ಲಿರಲಿ. ವಿಮಾನದಲ್ಲಿ ವೈದ್ಯರ ಪತ್ರದ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ.

ಚುಚ್ಚುವ ಅರ್ಧ ಗಂಟೆ ಮೊದಲು ಸಿರಿಂಜನ್ನು ಫ್ರಿಜ್ಜಿನಿಂದ ತೆಗೆದಿಡಿ. ತಣ್ಣಗಿದ್ದರೆ ತೊಡೆ ಉರಿಯುತ್ತದೆ. ನನ್ನ ಮಗಳು ಈಗ ತಾನೇ ತೆಗೆದಿಟ್ಟು, ಪುಸ್ತಕ ತೆರೆದು ಕೂರುತ್ತಾಳೆ.