ಒಳಗೆಲ್ಲ ಲ್ಯಾಟಿಸ್ ತುಂಬುವ ಮುಂಚೆ

ಪ್ರಶ್ನೆ: 20 ಮಿ.ಮೀ. ಚದರದ ಗಟ್ಟಿ ಅಲ್ಯುಮಿನಿಯಂ ತೋಳನ್ನು ಪೂರ್ತಿ ಲ್ಯಾಟಿಸ್‌ಗೆ (ಒಳಗೆಲ್ಲ ಜಾಳಿಗೆಯಂಥ ರಚನೆಗೆ) ಬದಲಿಸಿ 3ಡಿ ಪ್ರಿಂಟ್ ಮಾಡಿಸಿದೆವು. ತೂಕ ಅರ್ಧವಾಯಿತು. ಆದರೆ ಭಾರ ಹಾಕಿದರೆ ತುದಿ ವಿಪರೀತ ಬಾಗುತ್ತದೆ. ಯಾವ ಲ್ಯಾಟಿಸ್ ಬಳಸಬೇಕಿತ್ತು?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ಲ್ಯಾಟಿಸ್‌ನ ಹೆಸರು ಬೇಕು. ಭಾರ ಎಲ್ಲಿ, ಹೇಗೆ ಬೀಳುತ್ತದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ತೋಳು ಬಾಗುವಾಗ ದುಡಿಯುವುದು ಮೇಲಿನ ಮತ್ತು ಕೆಳಗಿನ ಅಂಚಿನ ಲೋಹ. ನಡುವಿನದು ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ನೀವು ದುಡಿಯುವ ಕಡೆಯಿಂದಲೂ ಅರ್ಧ ಲೋಹ ಕಿತ್ತುಬಿಟ್ಟಿದ್ದೀರಿ. ಲ್ಯಾಟಿಸ್ ಬಿಡಿ, ಒಳಗೆ 14 ಮಿ.ಮೀ. ಚದರದ ಟೊಳ್ಳು ಮಾಡಿ. ಸುತ್ತ 3 ಮಿ.ಮೀ. ಗೋಡೆ ಉಳಿಯುತ್ತದೆ. ಗಟ್ಟಿ ತೋಳಿಗೆ ಹೋಲಿಸಿದರೆ ತೂಕ ಶೇ 51, ಬಿಗಿತ (ಬಾಗದೆ ತಡೆಯುವ ಗುಣ) ಶೇ 76. ಎಲ್ಲೆಡೆ ಸಮನಾಗಿ ತುಂಬಿದ ಯಾವ ಲ್ಯಾಟಿಸ್ಸೂ ಅಷ್ಟೇ ತೂಕದಲ್ಲಿ ಶೇ 51 ಬಿಗಿತ ದಾಟುವುದಿಲ್ಲ. ಕಡ್ಡಿಗಳೇ ಬಾಗುವಂಥ ಲ್ಯಾಟಿಸ್ ಆದರೆ ಬಿಗಿತ ಸುಮಾರು ಕಾಲು ಭಾಗಕ್ಕೆ ಬೀಳುತ್ತದೆ.

‘ಮೂಳೆಯೊಳಗೂ ಜಾಳಿಗೆ ಇದೆಯಲ್ವಾ’ ಅಂತ ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ತೊಡೆಮೂಳೆಯ ನಡುಭಾಗ ದಪ್ಪ ಗೋಡೆಯ ಕೊಳವೆ. ಜಾಳಿಗೆ ಜಾಸ್ತಿ ಇರುವುದು ಕೀಲಿನ ಹತ್ತಿರ, ಭಾರ ನಾನಾ ದಿಕ್ಕಿನಿಂದ ಬರುವ ಕಡೆ. ‘ತೂಕ ಶೇ 80 ಕಡಿಮೆ, ಬಲ ಅಷ್ಟೇ’ ಅನ್ನುವವರಿಂದ ಪರೀಕ್ಷೆಯ ವರದಿ ಕೇಳಿ. ಅದಿಲ್ಲದೆ ದುಡ್ಡು ಕೊಡಬೇಡಿ.

ಗೋಡೆ ತೀರಾ ತೆಳುವಾಗಿ ಸುಕ್ಕುಗಟ್ಟುವ ಭಯವಿದ್ದರೆ ಒಳಗೆ ಲ್ಯಾಟಿಸ್ ಇಡಿ. ಅಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಪ್ರಿಂಟ್ ಆಗದೆ ಒಳಗೆ ಉಳಿದ ಲೋಹದ ಪೌಡರ್ ಹೊರಬರಲು ತೂತು ಬಿಡಲೇಬೇಕು. ಪೌಡರ್ ಪೂರ್ತಿ ತೆಗೆದ ಮೇಲೆಯೇ ಹೀಟ್ ಟ್ರೀಟ್‌ಮೆಂಟ್ (ಬಿಸಿ ಮಾಡಿ ಲೋಹ ಹದಗೊಳಿಸುವುದು). ಇಲ್ಲದಿದ್ದರೆ ಅದು ಒಳಗೇ ಅಂಟಿಕೊಂಡು, ನೀವು ಇಳಿಸಿದ ತೂಕ ಅಲ್ಲೇ ಉಳಿಯುತ್ತದೆ. ತೋಳು ಸದಾ ನಡುಗುವ ಜಾಗದಲ್ಲಿದ್ದರೆ ನಾನಂತೂ ಲ್ಯಾಟಿಸ್ ಇಡುವುದಿಲ್ಲ. ಕಡ್ಡಿಗಳ ಕೆಳಮೈ ಒರಟಾಗಿರುತ್ತದೆ, ಒಳಗೆ ಕೈ ಹಾಕಿ ನಯ ಮಾಡಲು ಆಗುವುದಿಲ್ಲ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ: ಗೈರಾಯ್ಡ್ (ಅಲೆಅಲೆಯಾಗಿ ತಿರುಚಿದ ಮೈಯ ಲ್ಯಾಟಿಸ್) ಎಲ್ಲಕ್ಕಿಂತ ಗಟ್ಟಿಯೇ?

ಉತ್ತರ: ಅಲ್ಲ. 1970ರಲ್ಲಿ ನಾಸಾದ ಅಲನ್ ಶೋನ್ ವಿವರಿಸಿದ ಈ ಆಕಾರದ ದೊಡ್ಡ ಗುಣವೆಂದರೆ ಒಳಗಿನ ದಾರಿಗಳು ಎಲ್ಲೂ ಮುಚ್ಚಿಕೊಳ್ಳದೆ ಸಾಗುವುದು.

ಪ್ರಶ್ನೆ: ಪ್ಲಾಸ್ಟಿಕ್ ಪ್ರಿಂಟ್‌ಗೆ ಇನ್‌ಫಿಲ್ (ಗೋಡೆಯ ಒಳಗಿನ ತುಂಬು) ಶೇ 100 ಇಡಲೇ?

ಉತ್ತರ: ಬೇಡ. ಮೊದಲು ಗೋಡೆ ದಪ್ಪ ಮಾಡಿ.

ಪ್ರಶ್ನೆ: ಉಳಿದ ಅಲ್ಯುಮಿನಿಯಂ ಪೌಡರನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಬಹುದೇ?

ಉತ್ತರ: ಖಂಡಿತ ಬೇಡ. ಗಾಳಿಯಲ್ಲಿ ಹರಡಿದ ಆ ಪುಡಿ ಒಂದು ಕಿಡಿ ತಗುಲಿದರೂ ಸ್ಫೋಟಿಸಬಹುದು.