ಅಡ ಇಟ್ಟ ಸರಕ್ಕೆ ನೀವು ಬಡ್ಡಿ ಕಟ್ಟಬೇಡಿ

ಮದುವೆಗೆ ಹಾಕ್ಕೊಳ್ಳೋಕೆ ಅಂತ ಓರಗಿತ್ತಿ ನನ್ನ ಹತ್ರ ತಗೊಂಡ ಸರ ಈಗ ಅಡವಿನಲ್ಲಿದೆ, ಈ ಸಲದ ಬಡ್ಡಿ ನಾನೇ ಕಟ್ಟಿ ಉಳಿಸಿಕೊಳ್ಳಲಾ, ಇಲ್ಲ ಸಂಬಂಧ ಕೆಡಬಾರದು ಅಂತ ಸುಮ್ನಿರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಅದರಲ್ಲೂ ಬಡ್ಡಿ ಮಾತ್ರ ಕಟ್ಟಲೇಬೇಡಿ.

ನಾನಿರುವುದು ಕೋಲಾರದಲ್ಲಿ. ತವರು ನರಸಾಪುರದ ಕಡೆ ಒಂದು ಹಳ್ಳಿ. ನನ್ನ ಸರ ತಗೊಂಡಿದ್ದು ಓರಗಿತ್ತಿಯಲ್ಲ, ಬೆನ್ನಿಗೆ ಬಿದ್ದ ತಮ್ಮ. 2023ರ ಜುಲೈ ಟೊಮೆಟೊ ಬೆಳೆಯೋರಿಗೆಲ್ಲ ನೆನಪಿರುತ್ತೆ. ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಯಾರೋ ಕಾರು ತಗೊಂಡರು, ಯಾರೋ ಸಾಲ ತೀರಿಸಿದರು ಅಂತ ಊರೂರಲ್ಲಿ ಅದೇ ಮಾತು. ರಾಗಿ ಹಾಕೋ ಹೊಲಕ್ಕೂ ಜನ ಡ್ರಿಪ್ ಎಳೆದು ಸಸಿ ನಾಟಿ ಮಾಡಿದರು. ನನ್ನ ತಮ್ಮನೂ ಮಾಡಿದ. ಆ ಹೊತ್ತಿಗೇ ಮನೆಗೆ ಬಂದು, "ಅಕ್ಕಾ, ಶ್ರಾವಣದಲ್ಲಿ ಇವಳ ತಂಗಿ ಮದುವೆ. ನಿನ್ನ ಎರಡೆಳೆ ಸರ ಕೊಟ್ಟಿರು, ಮದುವೆ ಮುಗಿದ ಮಾರನೇ ದಿನ ತಂದುಕೊಡ್ತೀನಿ" ಅಂದ. 40 ಗ್ರಾಂ ಸರ, ನನ್ನ ಮದುವೆಗೆ ಅಪ್ಪ ಮಾಡಿಸಿದ್ದು. ಕೊಟ್ಟೆ. ಕೊಟ್ಟಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಒಡಹುಟ್ಟಿದವರಿಗೆ ಕೊಡದೆ ಇನ್ಯಾರಿಗೆ ಕೊಡೋದು?

ಮದುವೆಗೆ ಹೋದೆ. ತಮ್ಮನ ಹೆಂಡತಿ ಕತ್ತಿನಲ್ಲಿ ಒನ್ ಗ್ರಾಮ್ ಗೋಲ್ಡ್ ಸೆಟ್ಟು. ನಾನು ನೋಡಿದ್ದನ್ನು ಅವಳೂ ನೋಡಿದಳು, ಸೆರಗು ಎಳೆದುಕೊಂಡಳು. ಅಮ್ಮ ಪಕ್ಕಕ್ಕೆ ಕರೆದು ಹೇಳಿದಳು: ಕಡ್ಡಿ, ದಾರ, ಔಷಧಿಗೆ ದುಡ್ಡು ಸಾಲಲಿಲ್ಲ, ಚಿನ್ನದ ಸಾಲದ ಕಂಪನಿಯಲ್ಲಿ ಇಟ್ಟಿದ್ದಾನೆ, ಮೊದಲ ಕೊಯ್ಲಿಗೇ ಬಿಡಿಸಿಬಿಡ್ತಾನೆ. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಕಿತ್ತ ಕೂಲಿಯೂ ಹುಟ್ಟಲಿಲ್ಲ.

ಆಮೇಲೆ ಅಮ್ಮನ ಫೋನ್. "ಬಡ್ಡಿ ಕಟ್ಟದಿದ್ದರೆ ಹರಾಜು ಹಾಕ್ತಾರಂತೆ ಕಣೇ. ನಿನ್ನದೇ ಸರ ಅಲ್ವಾ?" ಈ ಮಾತಿಗೆ ನಾನು ಬಿದ್ದೆ. ನಿಮ್ಮ ಪ್ರಶ್ನೆಯಲ್ಲೂ ಇದೇ ಇದೆ, ನೀವು ಗಮನಿಸಿಲ್ಲ ಅಷ್ಟೇ. "ನನ್ನದೇ ಸರ, ನಾನೇ ಉಳಿಸಿಕೊಳ್ಳಲಾ" ಅಂತ ಬರೆದಿದ್ದೀರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಕಳೆದುಕೊಂಡಿದ್ದೆಲ್ಲ ಇಲ್ಲೇ. ಅಡ ಇಟ್ಟ ಕೂಡಲೇ ಆ ಸರ ಒಂದು ಸಾಲದ ಖಾತೆಗೆ ಸೇರುತ್ತೆ. ಖಾತೆ ನನ್ನ ತಮ್ಮನ ಹೆಸರಲ್ಲಿ. ಕೌಂಟರಿನಲ್ಲಿ ಆ ನಂಬರಿಗೆ ಯಾರು ಬೇಕಾದರೂ ದುಡ್ಡು ಕಟ್ಟಬಹುದು, ಯಾರೂ ಬೇಡ ಅನ್ನಲ್ಲ. ರಸೀದಿ ಬರೋದು ಮಾತ್ರ ಅವನ ಹೆಸರಲ್ಲಿ. ಡೈರಿ ದುಡ್ಡು, ಸಂಘದಲ್ಲಿ ಉಳಿಸಿದ ದುಡ್ಡು, ಯಜಮಾನರಿಗೆ ಹೇಳದೆ ಎತ್ತಿಟ್ಟ ಪುಡಿಗಾಸು, ಎಲ್ಲ ತಗೊಂಡು ಹೋಗಿ ನಗದಾಗಿ ಕಟ್ಟಿ ಬರ್ತಿದ್ದೆ. ರಸೀದಿಗಳನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಮುಂದೆ ವಕೀಲರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆಯಮ್ಮ?" ಫೋನ್‌ಪೇಯಲ್ಲಿ ತಮ್ಮನಿಗೇ ಕಳಿಸಿ ಕಟ್ಟಿಸಿದ್ದರೂ ಒಂದು ಗುರುತು ಉಳಿಯುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಇಂಥ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಅವಧಿ. ವರ್ಷ ತುಂಬಿದಾಗ ಬಡ್ಡಿ ಚುಕ್ತಾ ಆಗಿದ್ದರೆ ರಿನೀವಲ್ ಮಾಡ್ತಾರೆ. ಆಗ ಚಿನ್ನಕ್ಕೆ ಹೊಸದಾಗಿ ಬೆಲೆ ಕಟ್ಟುತ್ತಾರೆ. 2023ರಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಂಗೆ ಐದೂವರೆ ಸಾವಿರದ ಆಸುಪಾಸು ಇತ್ತು. ಬೆಲೆಯ 75 ಪರ್ಸೆಂಟ್ ತನಕ ಸಾಲ ಕೊಡಬಹುದು ಅನ್ನೋದು ಆಗಿನ ರಿಸರ್ವ್ ಬ್ಯಾಂಕ್ ಲೆಕ್ಕ. ಹಾಗಾಗಿ ಅವನಿಗೆ ಸಿಕ್ಕಿದ್ದು ಒಂದೂವರೆ ಲಕ್ಷ. ಆಮೇಲೆ ಚಿನ್ನ ಏರುತ್ತಲೇ ಹೋಯಿತು. 2025ರ ದಸರಾ ಹೊತ್ತಿಗೆ ಗ್ರಾಂ ಹತ್ತು ಸಾವಿರ ದಾಟಿತ್ತು. ಸರ ಅದೇ, ತೂಕ ಅದೇ, ಅದರ ಮೇಲೆ ಸಿಗೋ ಸಾಲ ಮಾತ್ರ ಜಾಸ್ತಿ. ಪ್ರತಿ ರಿನೀವಲ್‌ಗೂ ತಮ್ಮ ಹೋಗಿ ಸಹಿ ಹಾಕಿ ಮೇಲಿನ ದುಡ್ಡು ಎತ್ತಿಕೊಂಡು ಬಂದ. ಬಡ್ಡಿ ಬಾಕಿ ಇದ್ದಿದ್ದರೆ ಇಷ್ಟು ಸಲೀಸಾಗಿ ಆಗ್ತಿರಲಿಲ್ಲ. ಖಾತೆ ಚೊಕ್ಕಟವಾಗಿ ಇಟ್ಟವಳು ನಾನೇ!

ಇದು ನನಗೆ ಗೊತ್ತಾಗಿದ್ದು ಚೀಟಿ ಎತ್ತಿ ಒಂದೂವರೆ ಲಕ್ಷ ತಗೊಂಡು ಬಿಡಿಸೋಕೆ ಹೋದ ದಿನ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಅಸಲು ಎರಡೂಮುಕ್ಕಾಲು ಲಕ್ಷ ಇದೆ ಮೇಡಂ" ಅಂದಳು. ತಿರುಗಿ ನೋಡಿ ಅಂದೆ. ನೋಡಿ ಅದನ್ನೇ ಹೇಳಿದಳು. "ಪೂರ್ತಿ ಕಟ್ಟಿದರೂ ಒಡವೆ ನಿಮ್ಮ ಕೈಗೆ ಕೊಡೋಕಾಗಲ್ಲ, ಸಾಲ ತಗೊಂಡವರೇ ಬರಬೇಕು" ಅಂತಲೂ ಸೇರಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಕಟ್ಟಿದವರ ಕೈಗೆಲ್ಲ ಒಡವೆ ಕೊಡ್ತಾ ಹೋದರೆ ಇನ್ನೇನಾಗುತ್ತೆ ಹೇಳಿ.

ಪೊಲೀಸ್ ಕಂಪ್ಲೇಂಟ್ ಕೊಡಿ ಅಂತ ನಿಮ್ಮ ಪ್ರಶ್ನೆಗೆ ಇಲ್ಲಿ ಬೇರೆಯವರು ಉತ್ತರ ಬರೆದಿದ್ದಾರೆ. ಕಾನೂನು ಇದೆ, ಸುಳ್ಳಲ್ಲ. ನಂಬಿ ಕೊಟ್ಟ ವಸ್ತುವನ್ನು ಸ್ವಂತಕ್ಕೆ ಬಳಸಿಕೊಂಡರೆ ನಂಬಿಕೆ ದ್ರೋಹದ ಕೇಸು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್. ನನ್ನದು ಅದಕ್ಕೂ ಮುಂಚಿನದು, ಹಳೇ ಐಪಿಸಿ 406. ವಕೀಲರು ನೋಟಿಸ್ ಬರೆಯೋಕೆ ತಯಾರಿದ್ದರು. ಆದರೆ ಒಡಹುಟ್ಟಿದವನ ಮೇಲೆ ಠಾಣೆಗೆ ಹೋಗೋದು ನನ್ನ ಕೈಲಿ ಆಗಲಿಲ್ಲ. ಹೋಗೋರನ್ನು ನಾನು ತಪ್ಪು ಅನ್ನಲ್ಲ.

ನನ್ನ ಸರ ಬಂದಿದ್ದು ಬೇರೆ ದಾರಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ನರಸಾಪುರದ ಸುತ್ತ ಕಾರ್ಖಾನೆಗಳು ಬಂದ ಮೇಲೆ ಅಲ್ಲಿ ಭೂಮಿ ಬೆಲೆ ಏನಾಗಿದೆ ಅಂತ ನಿಮಗೂ ಗೊತ್ತಿರಬಹುದು. ತಮ್ಮನಿಗೆ ಜಮೀನಿನ ಖಾತೆ ಅವನೊಬ್ಬನ ಹೆಸರಿಗೆ ಬೇಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ವಂಶವೃಕ್ಷದಲ್ಲಿ ನನ್ನ ಹೆಸರೂ ಇರುತ್ತೆ. ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದೆ ಅವನ ಕೆಲಸ ಆಗಲ್ಲ. ಬಾಳೆಹಣ್ಣು, ಹೂವು, ಅರಿಶಿನ ಕುಂಕುಮ ಎಲ್ಲ ಹಿಡಿದುಕೊಂಡು ಗಂಡ ಹೆಂಡತಿ ಬಂದರು. "ಸಹಿ ವಿಚಾರ ಆಮೇಲೆ. ಮೊದಲು ಸರ" ಅಂದೆ. ತವರಿಗೆ ಬೆಲೆ ಕಟ್ತೀಯಾ ಅಂತ ಅಮ್ಮ ಅತ್ತಳು. ಸರಕ್ಕೆ ಅವನು ಬೆಲೆ ಕಟ್ಟಿಸಿದಾಗ ಅಮ್ಮ ಅತ್ತಿರಲಿಲ್ಲ.

ಹಸು ಮಾರಿ, ಮಂಡಿಯವರ ಹತ್ತಿರ ಮುಂಗಡ ತಗೊಂಡು, ಅವನೇ ಹೋಗಿ ಬಿಡಿಸಿಕೊಂಡು ಬಂದ. ನಾನು ಕಟ್ಟಿದ ಬಡ್ಡಿ ಬರಲಿಲ್ಲ, ಬರೋದೂ ಇಲ್ಲ. ಸಹಿ ಇನ್ನೂ ಹಾಕಿಲ್ಲ. ಇದನ್ನು ಬ್ಲ್ಯಾಕ್‌ಮೇಲ್ ಅಂತಾರೆ ನಮ್ಮ ನೆಂಟರು. ಅನ್ನಲಿ.

ನೀವು ಸಂಬಂಧ ಕೆಡದ ಹಾಗೆ ಹೇಗೆ ಅಂತ ಕೇಳ್ತಿದ್ದೀರಿ. ಅವರು ಸರ ಅಡ ಇಟ್ಟ ದಿನವೇ ಅದು ಕೆಟ್ಟಿದೆ, ನಿಮಗೆ ತಡವಾಗಿ ಗೊತ್ತಾಗಿದೆ. ಆ ಯೋಚನೆ ಬಿಟ್ಟು ಅಡವಿನ ಚೀಟಿ ಕೇಳಿ. ಸರ ಕೇಳಬೇಡಿ, ಚೀಟಿ ಕೇಳಿ. ಸರ ಕೇಳಿದರೆ "ಮುಂದಿನ ತಿಂಗಳು" ಅಂತಾರೆ, ಚೀಟಿ ತೋರಿಸೋಕೆ ಮುಂದಿನ ತಿಂಗಳು ಬೇಕಾಗಲ್ಲ. ಅದರಲ್ಲಿ ಸಾಲ ಯಾರ ಹೆಸರಲ್ಲಿದೆ, ಅಸಲು ಎಷ್ಟು, ಯಾವ ತಾರೀಖಿಗೆ ಅವಧಿ ಮುಗಿಯುತ್ತೆ, ನಿಮ್ಮ ಸರದ ಜೊತೆ ಬೇರೆ ಒಡವೆಯೂ ಸೇರಿದೆಯಾ ನೋಡಿ. ಸೇರಿದ್ದರೆ ಪೂರ್ತಿ ಸಾಲ ತೀರುವ ತನಕ ನಿಮ್ಮದೊಂದನ್ನೇ ಬಿಡಿಸಿಕೊಡೋದು ಕಷ್ಟ. ಹರಾಜಿನ ನೋಟಿಸ್ ಬಂದರೂ ಸಾಲಗಾರರ ವಿಳಾಸಕ್ಕೇ ಬರುತ್ತೆ, ನಿಮಗಲ್ಲ. ಅಂಗಡಿಯ ಬಿಲ್ಲು, ಸರ ಹಾಕಿಕೊಂಡ ಫೋಟೊ, "ಬಿಡಿಸಿಕೊಡ್ತೀವಿ" ಅಂತ ಅವರು ಕಳಿಸಿದ ವಾಟ್ಸಾಪ್ ಮೆಸೇಜು ಇದ್ದರೆ ತೆಗೆದಿಡಿ. ಇಲ್ಲದಿದ್ದರೆ ಇವತ್ತೇ ಒಂದು ಮೆಸೇಜ್ ಹಾಕಿ ಉತ್ತರ ಬರಿಸಿಕೊಳ್ಳಿ, ನಯವಾಗಿಯೇ.

ದುಡ್ಡು ಹಾಕಲೇಬೇಕು ಅಂತಾದರೆ ಒಂದೇ ಸಲ, ಪೂರ್ತಿ ತೀರಿಸೋಕೆ, ಸಾಲಗಾರರನ್ನು ಕೌಂಟರಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು ಕಟ್ಟಿ, ಸರ ಕತ್ತಿಗೆ ಹಾಕಿಕೊಂಡೇ ಹೊರಗೆ ಬನ್ನಿ.

ಸಾಲ ಯಾರ ಹೆಸರಲ್ಲಿದೆ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಓರಗಿತ್ತಿ ಹೆಸರಲ್ಲೋ ಮೈದುನನ ಹೆಸರಲ್ಲೋ ಇದ್ದರೆ ನಿಮ್ಮ ಮಾವನವರ ಆಸ್ತಿ ಭಾಗ ಆಗಿದೆಯಾ ಅದನ್ನೂ ತಿಳಿಸಿ. ಅವಳ ತವರಿನವರ ಹೆಸರಲ್ಲಿದ್ದರೆ ವಕೀಲರ ನೋಟಿಸ್ ಬಿಟ್ಟು ಬೇರೆ ದಾರಿ ನನಗೆ ಕಾಣ್ತಿಲ್ಲ.