ಸಿಸ್ಟರ್ ಸ್ಲೆಡ್ಜ್: 1975ರ ಆಲ್ಬಮ್ ಯಾಕೆ ಬೇರೆ ಥರ ಕೇಳಿಸುತ್ತೆ?

ಅಮೆರಿಕದ ಸಿಸ್ಟರ್ ಸ್ಲೆಡ್ಜ್ ತಂಡದ 1979ರ ಆಲ್ಬಮ್ ‘ವಿ ಆರ್ ಫ್ಯಾಮಿಲಿ’ ಇಷ್ಟವಾಗಿ, ಅವರದೇ 1975ರ ‘ಸರ್ಕಲ್ ಆಫ್ ಲವ್’ ಹಾಕಿದರೆ ಬೇರೆ ಯಾರೋ ಹಾಡಿದ ಹಾಗಿದೆ ಅಂದಿದ್ದೀರಿ. ಕಾರಣ ಬಹುಶಃ ನಿರ್ಮಾಪಕರು ಬದಲಾಗಿದ್ದು. ಹಾಡಿದವರು ಅದೇ ಫಿಲಡೆಲ್ಫಿಯಾದ ಅಕ್ಕತಂಗಿಯರು: ಡೆಬಿ, ಜೋನಿ, ಕಿಮ್, ಕ್ಯಾಥಿ. 1975ರದ್ದು ಜಾಸ್ತಿ ಸೋಲ್ (soul), ಅಂದರೆ ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡಿನ ಶೈಲಿ. 1979ರಲ್ಲಿ ನಿರ್ಮಾಪಕರಾಗಿ ಬಂದ, ಷೀಕ್ ಅನ್ನೋ ಡಿಸ್ಕೋ ತಂಡದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಹಾಡು ಬರೆದು, ಗಿಟಾರ್, ಬೇಸ್ ತಾವೇ ನುಡಿಸಿ ಕುಣಿಯೋ ಡಿಸ್ಕೋ ಕಡೆ ತಿರುಗಿಸಿದರು.

ಮೊದಲು ಆ 1979ರ ಆಲ್ಬಮ್ ಪೂರ್ತಿ ಕೇಳಿ. ‘ಹೀಸ್ ದ ಗ್ರೇಟೆಸ್ಟ್ ಡ್ಯಾನ್ಸರ್’ ಶುರುವಾಗುವ ಗಿಟಾರ್ ಗಮನಿಸಿ. ರ‍್ಯಾಪ್ ಹಾಡುವ ನಟ ವಿಲ್ ಸ್ಮಿತ್ ತಮ್ಮ ‘ಗೆಟಿನ್ ಜಿಗ್ಗಿ ವಿತ್ ಇಟ್’ ಹಾಡಿಗೆ ತಗೊಂಡಿದ್ದು ಅದನ್ನೇ. ‘ಡ್ಯಾನ್ಸರ್’ನಲ್ಲಿ ಮುಂದೆ ನಿಂತು ಹಾಡೋದು ಕ್ಯಾಥಿ, ಅಕ್ಕತಂಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು. ಆ ದನಿ ಕಿವಿಯಲ್ಲಿ ಕೂರಲಿ. ಆಮೇಲೆ 1980ರ ‘ಲವ್ ಸಮ್‌ಬಡಿ ಟುಡೇ’, ಅದೂ ರಾಜರ್ಸ್-ಎಡ್ವರ್ಡ್ಸ್ ಜೋಡಿಯದು. ನಂತರ ನಾರಾಡಾ ಮೈಕಲ್ ವಾಲ್ಡನ್ ನಿರ್ಮಿಸಿದ 1981ರ ‘ಆಲ್ ಅಮೆರಿಕನ್ ಗರ್ಲ್ಸ್’. 1985ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ‘ಫ್ರ್ಯಾಂಕಿ’ ಹಾಡನ್ನು ಒಂದು ಸಲ ಕೇಳಿದರೆ ಸಾಕು.

ಇಷ್ಟಾದ ಮೇಲೆ 1975ಕ್ಕೆ ವಾಪಸ್ ಹೋಗಿ. ಇವರಿಗೆ ಹಾಡು ಕಲಿಸಿದ್ದು ಆಪೆರಾ ಹಾಡುತ್ತಿದ್ದ ಅಜ್ಜಿ. ನಾಲ್ಕು ದನಿ ಒಟ್ಟಾಗಿ ಏಳುವಾಗ ಆ ಪಾಠ ಇಲ್ಲೇ ಚೆನ್ನಾಗಿ ಕೇಳಿಸುತ್ತೆ, ನನಗಂತೂ.

ನೀವು ಯಾವ ಆ್ಯಪ್‌ನಲ್ಲಿ ಕೇಳಿದ್ದು ಅಂತ ಬರೆದಿಲ್ಲ. ಆ್ಯಪ್‌ನಲ್ಲಿ ಬೇರೆ ಆವೃತ್ತಿ ಬರಬಹುದು: 1979ರ ಆಲ್ಬಮ್ಮಿನ ‘ಲಾಸ್ಟ್ ಇನ್ ಮ್ಯೂಸಿಕ್’ ಹಾಡಿಗೆ 1984ರ ರೀಮಿಕ್ಸೂ ಇದೆ. ಹಾಡಿನ ಹೆಸರಿನ ಪಕ್ಕ ರೀಮಿಕ್ಸ್ ಅಂತಿದ್ದರೆ ಬಿಟ್ಟು, 1979ರ ಆಲ್ಬಮ್ಮಿನಿಂದಲೇ ಹಾಕಿ.